ಕುತ್ತಿಗೆಯವರೆಗೆ ಹೂತ ದಿನ

ಮೂಗಿನ ತುದಿ ತುರಿಸಿದಾಗ ಕೆರೆದುಕೊಳ್ಳಲು ಒಂದು ಕೈ ಬಿಡುವಾಗಿರುವುದು ಎಂಥ ಭಾಗ್ಯವೆಂದು, ಗೆಳೆಯರೇ, ನೀವು ಯೋಚಿಸಿರಲಾರಿರಿ. ನಾನು ಯೋಚಿಸಿದ್ದೇನೆ, ಸೂಳೆಕೆರೆಯ ದಂಡೆಯಲ್ಲಿ, ಕುತ್ತಿಗೆಯವರೆಗೆ ಮಣ್ಣಿನೊಳಗಿದ್ದುಕೊಂಡು.

ಮಗುವಾಗಿದ್ದಾಗ ಬಂದ ಜ್ವರವೊಂದು ಇಳಿಯುವಾಗ ನನ್ನ ಎರಡು ಕಾಲುಗಳ ಶಕ್ತಿಯನ್ನೂ ಜೊತೆಗೆ ಒಯ್ದಿತ್ತು. ಜಗಳೂರಿನ ನಮ್ಮ ಮನೆಯೊಳಗೆ ಅಂಗೈ ಊರಿ ತೆವಳುತ್ತಿದ್ದೆ. ಹೊಸಿಲು ದಾಟಲು ಯಾರದಾದರೂ ಬೆನ್ನು ಬೇಕು. ಹೈಸ್ಕೂಲನ್ನೆಲ್ಲ ಹೀಗೆ ನೆಂಟರ ಬೆನ್ನ ಮೇಲೆಯೇ ಓದಿ ಮುಗಿಸಿ, ಮೂವತ್ತರ ದಶಕದ ಕೊನೆಯಲ್ಲಿ, ಮೈಸೂರಿನ ಕಾಲೇಜಿಗೆ ಹೋಗುತ್ತೇನೆಂದು ಹಟ ಹಿಡಿದೆ. ತಂದೆ ಇರಲಿಲ್ಲ. ಅವ್ವ ಷರತ್ತು ಹಾಕಿದಳು: ಸೂರ್ಯಗ್ರಹಣದ ಹೊತ್ತಿನಲ್ಲಿ ಹಸಿಮಣ್ಣಿನಲ್ಲಿ ಹೂತರೆ ಸತ್ತ ಕಾಲಿಗೆ ಜೀವ ಬರುತ್ತದಂತೆ; ಬಂದರೆ ನಡೆದುಕೊಂಡು ಹೋಗು, ಬಾರದಿದ್ದರೆ ಮನೆಯಲ್ಲೇ ಇರು.

ಜಗಳೂರಿನ ಕಡೆ ನನ್ನನ್ನು ಹೂಳುವಷ್ಟು ಹಸಿಮಣ್ಣು ಎಲ್ಲಿತ್ತು? ಅದಕ್ಕೇ ಸೂಳೆಕೆರೆಯ ದಂಡೆಯ ಊರಲ್ಲಿದ್ದ ಸೋದರಮಾವನ ಮನೆಗೆ ಗಾಡಿ ಕಟ್ಟಿಸಿದಳು. ಮಾವ ಗುಂಡಿ ತೋಡಿ, ನನ್ನನ್ನು ಅದರಲ್ಲಿ ನಿಲ್ಲಿಸಿ, ಗಿಡ ನೆಡುವವನ ಶ್ರದ್ಧೆಯಿಂದ ಸುತ್ತ ಮಣ್ಣು ತುಳಿದ. ಬುದ್ಧಿ ಬಂದಮೇಲೆ ನಾನು ನೆಟ್ಟಗೆ ನಿಂತದ್ದು ಅದೇ ಮೊದಲು. ನಿಂತವನಿಗೆ ಲೋಕ ಎತ್ತರದಿಂದ ಕಾಣುತ್ತದೆಂದು ಕೇಳಿದ್ದೆ. ನನಗೆ ಮಾತ್ರ ನಿಂತಾಗಲೂ ಅದು ಇರುವೆಯ ಎತ್ತರದಲ್ಲೇ ಕಂಡಿತು. ಅವ್ವ ಹಣೆಗೆ ವಿಭೂತಿ ಬಳಿದು, ಕುತ್ತಿಗೆಯ ಸುತ್ತ ಬೇವಿನ ಸೊಪ್ಪು ಇಟ್ಟಳು. ಗ್ರಹಣ ಹಿಡಿದಾಗ ಹೊರಗಿರಬಾರದೆಂದು ಇಬ್ಬರೂ ಮನೆ ಸೇರಿಕೊಂಡರು. ಆ ನಿಯಮ ನನಗಿಲ್ಲವೇ ಎಂದು ಕೇಳಿದೆನೋ ಇಲ್ಲವೋ, ನೆನಪಿಲ್ಲ.

ಗ್ರಹಣ ಬಿಟ್ಟ ಮೇಲೆ ಸ್ನಾನಕ್ಕೆ ಬಂದ ಹೆಂಗಸರು ನನ್ನನ್ನು ಕಂಡರು. ಹೂಳುವ ಪದ್ಧತಿ ಅವರಿಗೆ ಹೊಸದಲ್ಲ. ಆದರೆ ಹೂಳುವುದು ಎಳೆ ಮಕ್ಕಳನ್ನು. ಮೀಸೆ ಚಿಗುರಿದ, ವಿಭೂತಿ ಬಳಿದ, ಬೇವಿನ ನಡುವಿನ ತಲೆ ಅವರ ಪಾಲಿಗೆ ನೆಲ ಸೀಳಿಕೊಂಡು ಎದ್ದು ಬಂದ ದೇವರೇ ಸರಿ. ಮುದುಕಿಯೊಬ್ಬಳು ಕುಂಕುಮ ಹಚ್ಚಿದಳು.

“ನಾನು ದೇವರಲ್ಲಜ್ಜಿ, ಜಗಳೂರಿನೋನು,” ಎಂದೆ.

“ಜಗಳೂರಾಗೆ ನೀರಿಲ್ಲ ಅಂತ ಕೆರೆ ತಾವ ಬಂದಿಯೇನಪ್ಪಾ,” ಎಂದು ಕೈಮುಗಿದಳು. “ನಮ್ಮ ಎಮ್ಮೆ ಗಬ್ಬ ಆಗೈತೋ ಇಲ್ಲೋ, ಅದನ್ನ ಹೇಳು.”

“ನಂಗೆ ಹೆಂಗೆ ಗೊತ್ತಾಗುತ್ತೆ? ಮೊದಲು ನನ್ನ ಮೂಗು ಕೆರಿಯಜ್ಜಿ.”

“ಮೂಗು ಮುಟ್ಟಾಕೆ ಹೇಳ್ತೈತೆ,” ಎಂದು ಅವಳು ಹಿಂದಿದ್ದವರಿಗೆ ಸಾರಿದಳು. ಸಾಲಾಗಿ ಬಂದವರೆಲ್ಲ ನನ್ನ ಮೂಗನ್ನು ಭಕ್ತಿಯಿಂದ ಮುಟ್ಟಿ ಹೋದರು. ಕೆರೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಮಾವ ಗುದ್ದಲಿ ಹಿಡಿದು ಬಂದಾಗ ಮುದುಕಿ ಅಡ್ಡ ನಿಂತಳು. “ದೇವರ ಮೇಲೆ ಗುದ್ದಲಿ ಎತ್ತೀಯೇನೋ?”

“ದೇವರಲ್ಲ ಕಣಜ್ಜಿ, ನಮ್ಮಕ್ಕನ ಮಗ.”

“ದೇವರಿಗೆ ಒಬ್ಬ ಮಾವ ಇರಬಾರದೇನು?”

ಆಗ ಅವ್ವನೂ ಬಂದು ಸಾಲಿನಲ್ಲಿ ನಿಂತಳು. ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಸಾಲೂ ಇರಲಿಲ್ಲ ಏನೂ ಇರಲಿಲ್ಲ, ಮೂರ್ನಾಲ್ಕು ಹೆಂಗಸರು, ಒಂದು ನಾಯಿ, ಅಷ್ಟೇ ಎನ್ನುತ್ತಿದ್ದ ಮಾವ. ಬಿಸಿಲಿಗೆ ನನ್ನ ತಲೆ ಕಾದಿತ್ತು ನಿಜ. ಆದರೆ ಯಾವ ಕಥೆಯನ್ನಾದರೂ ಕುಗ್ಗಿಸಿ ಹೇಳುವ ಚಟ ಮಾವನಿಗೂ ಇತ್ತು. ಆಡಿದ ಮಾತುಗಳ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ಅವ್ವ ನನ್ನ ಮುಖಕ್ಕೆ ಸರಿಯಾಗಿ ಕುಕ್ಕರುಗಾಲಲ್ಲಿ ಕುಳಿತಳು. “ಸ್ವಾಮಿ, ಕಾಲು ಬಂದಾವೇನು?”

ಮಣ್ಣಿನೊಳಗೆ ಕಾಲುಗಳನ್ನು ಹುಡುಕಿದೆ. ಉತ್ತರ ಬರಲಿಲ್ಲ. “ಇಲ್ಲವ್ವ.”

“ಹಂಗಾರೆ ನನ್ನ ಮಗನ್ನ ಮೈಸೂರಿಗೆ ಕಳಿಸಲೋ ಬ್ಯಾಡೋ?”

“ಕಳಿಸು.”

“ಅಲ್ಲಿ ಯಾರು ಎತ್ತಿ ಕೂರಿಸ್ತಾರೆ? ಬಯಲಕಡೆಗೆ ಯಾರು ಹೊತ್ಕೊಂಡು ಹೋಗ್ತಾರೆ?”

ದೇವರಾದವನು ಇಂಥ ಹೊತ್ತಿನಲ್ಲಿ ಒಂದು ಅಭಯ ಕೊಟ್ಟುಬಿಡುವುದು ವಾಡಿಕೆ. ನನಗೂ ಅದು ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಹದಿನಾರು ವರ್ಷ ನನ್ನನ್ನು ಎತ್ತಿ ಕೂರಿಸಿದವಳ ಕಣ್ಣು ಅಷ್ಟು ಹತ್ತಿರದಲ್ಲಿರುವಾಗ ಸುಳ್ಳು ಹೊರಡಲಿಲ್ಲ.

“ಗೊತ್ತಿಲ್ಲವ್ವ.”

ಅವಳು ಎದ್ದು, ಸೆರಗಿನ ಮಣ್ಣು ಕೊಡವಿ, ಎಲ್ಲರಿಗೂ ಕೇಳುವಂತೆ ಹೇಳಿದಳು: “ಇಷ್ಟು ದೇವರಿಗೆ ಹರಕೆ ಹೊತ್ತೀನಿ, ಗೊತ್ತಿಲ್ಲ ಅಂತ ಒಂದೂ ಅಂದಿರಲಿಲ್ಲ. ಇದನ್ನ ನಂಬಬೌದು.”

ನಿಜವಾಗಿ ಹೇಳಿದಳೋ, ಜನರ ಬಾಯಿ ಮುಚ್ಚಿಸಲು ಹೇಳಿದಳೋ ನನಗೆ ಇಂದಿಗೂ ತಿಳಿಯದು. ಮಾವನ ಕಡೆ ತಿರುಗಿದಳು.

“ಅಪ್ಪಣೆ ಆಗೈತೆ, ಅಗಿಯೋ ತಮ್ಮ. ಮೆಲ್ಲಕೆ. ಮೈಸೂರಿಗೆ ಹೋಗೋನು ಒಳಗದಾನೆ.”