ಇಲಿಯ ಏಕಾದಶಿ

ಕಲ್ಯಾಣ್‌ನ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಕ್ಟಿಕಲ್ ನಡೆದಿತ್ತು. ಉಳಿದವರ ಇಲಿಗಳು ಹಲಗೆಯ ಚಕ್ರವ್ಯೂಹದೊಳಗೆ ಓಡಿ, ಕೊನೆಯಲ್ಲಿಟ್ಟಿದ್ದ ಕಾಳು ಮುಟ್ಟಿದವು. ನನ್ನ ಬಿಳಿ ಇಲಿ ಬಾಗಿಲಲ್ಲೇ ಕೂತು ಮೀಸೆ ಒರೆಸಿಕೊಂಡಿತು, ಆಮೇಲೆ ಮಲಗಿತು. ಸರ್ ಬಗ್ಗಿ ನೋಡಿ, ಇದರ ಹೊಟ್ಟೆ ತುಂಬಿದೆ ಎಂದು ಮರಾಠಿಯಲ್ಲಿ ಹೇಳಿ ಸೊನ್ನೆ ಹಾಕಿದರು.

ಹಸಿದರೆ ಮಾತ್ರ ಇಲಿ ಓಡುತ್ತದೆ. ಹಿಂದಿನ ದಿನ ಆಷಾಢ ಏಕಾದಶಿಯ ರಜೆ ಇದ್ದುದರಿಂದ, ಇಲಿಯನ್ನು ಉಪವಾಸವಿಡಲು ಪಂಜರವನ್ನು ಲೋಕಲ್ ರೈಲಿನಲ್ಲಿ ಡೊಂಬಿವಲಿಯ ನಮ್ಮ ಮನೆಗೆ ತಂದಿದ್ದೆ.

ಸಂಜೆ ಮನೆಗೆ ಬಂದು, ಇಲಿಗೆ ಏನಾದರೂ ಹಾಕಿದ್ದೆಯಾ ಎಂದು ಅವ್ವನನ್ನು ಕೇಳಿದೆ.

“ಇಲಿಗೆ ಉಪವಾಸ ಅಂತ ನೀನ ಹೇಳಿದ್ದಿ. ಅದಕ್ಕ ಅನ್ನ ಮುಟ್ಟಸಲಿಲ್ಲ. ಉಪವಾಸಕ್ಕಂತ ನನಗ ಮಾಡ್ಕೊಂಡಿದ್ದ ಸಾಬೂದಾಣಿ ಖಿಚಡಿನ ಹಾಕಿದೆ.”

“ಅದು ಹಸಿದಿರಬೇಕಿತ್ತವ್ವಾ. ಪರೀಕ್ಷಾ ಇತ್ತು.”

ಅವ್ವ ಸ್ಟೋವಿಗೆ ಗಾಳಿ ಹಾಕುತ್ತಲೇ ಹೇಳಿದಳು: “ಉಪವಾಸ ನಾವಾಗೇ ಹಿಡಿಯೂದು. ಆ ಇಲೀನ್ನ ಯಾರರ ಕೇಳಿದ್ರೇನು?”

ಮರುವಾರದ ಮರುಪರೀಕ್ಷೆಗೆ ಬೇರೊಂದು ಇಲಿಯನ್ನು ಕಾಲೇಜಿನಲ್ಲೇ ಹಸಿವಿನಲ್ಲಿಟ್ಟೆ. ಅದು ಚೆನ್ನಾಗಿ ಓಡಿತು, ನಾನು ಪಾಸಾದೆ. ಈಗಲೂ ಏಕಾದಶಿಯಂದು ತಟ್ಟೆಗೆ ಖಿಚಡಿ ಬಿದ್ದಾಗ ನೆನಪಾಗುವುದು ಆ ಎರಡನೆಯ ಇಲಿ. ಅದನ್ನೂ ಯಾರೂ ಕೇಳಿರಲಿಲ್ಲ.