ಏಳನೇ ನಿಮಿಷದ ಹೆಂಗಸು

ಅಂಗಡಿಯಲ್ಲೂ ಬೀದಿಯಲ್ಲೂ ಎಲ್ಲರಿಗೂ ಆಕೆ ಟೈಲರಮ್ಮ. ಅಪ್ಪ ಅಮ್ಮ ಬೇಗ ಹೋದರು, ಸಾಕಿದವಳು ಅಕ್ಕ. ಹದಿನಾರಕ್ಕೆ ಅಕ್ಕ ಅವಳನ್ನು ಕೋಟು ಹೊಲಿಯುವ ಅಂಗಡಿಯೊಂದಕ್ಕೆ ಸೇರಿಸಿದಳು. ಮೊದಲ ಮೂರು ವರ್ಷ ಗುಂಡಿ ಹಚ್ಚುವುದು, ಕಾಜಾ ಹೊಲಿಯುವುದು, ಅಷ್ಟೇ. ಕೈ ಎಷ್ಟು ಪಳಗಿತೆಂದರೆ ಕಣ್ಣುಮುಚ್ಚಿಕೊಂಡೇ ಬಟ್ಟೆಯ ಒಳಮೈ ಹೊರಮೈ ಹೇಳುತ್ತಿದ್ದಳು. ಮಾತು ಮಾತ್ರ ಕಮ್ಮಿ. "ದಿನವಿಡೀ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರೋಳಿಗೆ ಮಾತು ಎಲ್ಲಿಂದ ಬರಬೇಕು?" ಅಂತ ಮೇಸ್ತ್ರಿ ನಗಾಡುತ್ತಿದ್ದ.

ಗಂಡ ಮನೆ ಮನೆ ತಿರುಗಿ ನೀರಿನ ಮೀಟರು ಓದುವವನು. ಕುಡಿತವಿಲ್ಲ, ಇಸ್ಪೀಟಿಲ್ಲ, ಕೈ ಎತ್ತಿದವನಲ್ಲ. ಇದ್ದದ್ದು ಒಂದೇ ಹುಚ್ಚು: ಒಂದು ಬ್ಯಾಂಡು. ಅದೇ ಊರಿನ ಐದು ಜನ ಸೇರಿ ಕಟ್ಟಿದ್ದು. ಪ್ರೋಗ್ರೆಸಿವ್ ರಾಕ್ ಅಂತೆ. ಒಂದು ಹಾಡು ಶುರುವಾದರೆ ಇಪ್ಪತ್ತು, ಇಪ್ಪತ್ತೈದು ನಿಮಿಷ. ನಡುವೆ ನಾಲ್ಕು ಸಲ ತಾಳ ಬದಲಾಗುತ್ತದೆ, ಮುಗಿಯಿತು ಅಂದುಕೊಳ್ಳುವಾಗ ಆರ್ಗನ್ ನುಡಿಸುವವನು ಇನ್ನೊಂದು ದಾರಿ ಹಿಡಿಯುತ್ತಾನೆ. ಆಗಿನ್ನೂ ಅವರ ಒಂದು ರೆಕಾರ್ಡೂ ಬಂದಿರಲಿಲ್ಲ. ಕೇಳಬೇಕೆಂದರೆ ಹೋಗಿ ಕೂತೇ ಕೇಳಬೇಕು.

ಮದುವೆಯಾಗಿ ಎರಡು ತಿಂಗಳಿಗೆ ಅವನು ಒಂದು ಕೋಟು ಹಿಡಿದುಕೊಂಡು ಬಂದ. "ಒಳಗಡೆ ಒಂದು ಜೇಬು ಬೇಕು ಕಣೇ. ಟೇಪ್ ರೆಕಾರ್ಡರ್ ಹಿಡಿಯೋ ಹಾಗೆ. ಹೊರಗಡೆಯಿಂದ ಗೊತ್ತಾಗಬಾರದು." ಗಂಡ ಬಾಯಿಬಿಟ್ಟು ಕೇಳಿದ ಮೊದಲ ಕೆಲಸ. ಅವಳು ಒಳಪದರದ ಅಸ್ತರಿನೊಳಗೆ ದಪ್ಪ ಬಟ್ಟೆಯ ಜೇಬು ಕೂರಿಸಿದಳು. ಮೈಕಿಗೆ ಕಾಲರಿನ ಮಡಿಕೆಯ ಹಿಂದೆ ಒಂದು ಕಾಜಾ ಹೊಲಿದಳು. ಆ ಕೋಟು ಹಾಕಿಕೊಂಡು ಅವನು ಒಂದೂವರೆ ವರ್ಷದಲ್ಲಿ ಹನ್ನೊಂದು ಕಛೇರಿ ರೆಕಾರ್ಡ್ ಮಾಡಿದ.

ಹನ್ನೊಂದನೆಯದು ಒಂದು ಭಾನುವಾರ ಮಧ್ಯಾಹ್ನ, ಕಾಲೇಜೊಂದರ ಸಭಾಂಗಣದಲ್ಲಿ. ಅವಳಿಗೆ ಐದು ತಿಂಗಳು. ಬರುವುದಿಲ್ಲ ಅಂದಿದ್ದಳು. "ಕೂತ್ಕೊಂಡು ಕೇಳೋದಕ್ಕೇನು ಕಷ್ಟ?" ಅಂತ ಅವನೇ ಕರೆದುಕೊಂಡು ಹೋದ. ಕೊನೆಯ ಹಾಡು ಶುರುವಾಗುವಾಗಲೇ ಸೊಂಟದಲ್ಲಿ ಹಿಡಿದುಕೊಂಡಿತ್ತು. ಆಮೇಲೆ ನಡೆದದ್ದು ಅವಳಿಗೆ ತುಂಡು ತುಂಡಾಗಿ ನೆನಪು: ಕಿವಿ ಕಿತ್ತುಹೋಗುವ ಡ್ರಮ್ಮು, ಒದ್ದೆಯಾದ ಸೀಟು, ಯಾರದೋ ವ್ಯಾನು, ಆಸ್ಪತ್ರೆಯ ಹಸಿರು ಪರದೆ.

ಮಗು ಉಳಿಯಲಿಲ್ಲ. ರಕ್ತ ನಿಲ್ಲದೆ ಗರ್ಭಕೋಶವನ್ನೂ ತೆಗೆದರು. "ಒಂದರ್ಧ ಗಂಟೆ ಮೊದಲು ಕರ್ಕೊಂಡು ಬಂದಿದ್ರೆ ಅದನ್ನಾದ್ರೂ ಉಳಿಸಬಹುದಿತ್ತು," ಅಂದರು ಡಾಕ್ಟರು.

ಅತ್ತೆ ಹಾಸಿಗೆಯ ಪಕ್ಕದಲ್ಲೇ ನಿಂತು ಕೇಳಿದರು: "ಬಾಯಿ ಬಿಟ್ಟು ಹೇಳೋದಕ್ಕೆ ಏನು ಧಾಡಿಯಾಗಿತ್ತು ನಿಂಗೆ?"

ಗಂಡ ತಲೆ ತಗ್ಗಿಸಿಕೊಂಡು ಹೇಳಿದ: "ಹಾಡು ಮುಗಿದ ಮೇಲೆ ಹೇಳಿದ್ಲು ಅಮ್ಮ. ಹೇಳಿದ ತಕ್ಷಣ ಎದ್ದೆ."

ಅವಳು ಅವನ ಮುಖ ನೋಡಿದಳು. ತಾನು ಹೇಳಿದ್ದೆ ಅಂತ ಅವಳಿಗೆ ಅನಿಸುತ್ತಿತ್ತು. ಆದರೆ ಆ ಗದ್ದಲದಲ್ಲಿ ಹೇಳಿದ್ದು ಬಾಯಲ್ಲೋ ಮನಸ್ಸಿನಲ್ಲೋ? ಮಾತಿಗೆ ಜಿಪುಣಿ ಅಂತ ಮೊದಲೇ ಹೆಸರಾದವಳು. ಎಲ್ಲರೂ ಹೇಳಿದ ಮೇಲೆ ತಾನು ಹೇಳಿಲ್ಲದೆಯೂ ಇರಬಹುದು ಅಂದುಕೊಂಡಳು. ವರ್ಷಗಳು ಕಳೆದಂತೆ ಅದು ಅನುಮಾನವಾಗಿಯೂ ಉಳಿಯಲಿಲ್ಲ. ಬಾಯಿಲ್ಲದೆ ಮಗುವನ್ನು ಕಳೆದವಳು ತಾನೇ ಅಂತ ಅವಳೇ ತೀರ್ಮಾನ ಮಾಡಿಕೊಂಡಳು. ಅಂಗಡಿಗೆ ಅಮ್ಮಂದಿರು ಮಕ್ಕಳ ಸ್ಕೂಲು ಕೋಟಿನ ಅಳತೆಗೆ ಬಂದರೆ ಟೇಪು ಇನ್ನೊಬ್ಬಳ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದಳು.

ಬ್ಯಾಂಡು ಮುಂದೆ ಬಹಳ ಹೆಸರು ಮಾಡಿತು. ಆರ್ಗನ್ನಿನವನು ಬಿಟ್ಟುಹೋದ, ಹಾಡುಗಳು ಮೊಟಕಾದವು. ಮೊದಲಿನ ಆ ಉದ್ದ ಹಾಡುಗಳು ಇದ್ದದ್ದು ಮೀಟರಿನವನ ಟೇಪುಗಳಲ್ಲಿ ಮಾತ್ರ. ಅಭಿಮಾನಿಗಳು ಅವನಿಗೆ ಕೋಟಣ್ಣ ಅಂತ ಹೆಸರಿಟ್ಟರು. ಅವನಿಂದ ಮೊದಲ ಕಾಪಿ ಪಡೆದವರು ಒಬ್ಬ ಹಲ್ಲಿನ ಡಾಕ್ಟರು. ಅವರಿಂದ ಕೈಯಿಂದ ಕೈಗೆ ಹೋಗಿ, ಕಾಲಾಂತರದಲ್ಲಿ ಇಂಟರ್ನೆಟ್ಟಿಗೂ ಏರಿ, ಆ ಟೇಪುಗಳು ದೇಶ ದೇಶ ತಿರುಗಿದವು. ಭಾನುವಾರ ಬಂತೆಂದರೆ ಡಾಕ್ಟರು, ಇನ್ನೂ ಮೂರು ನಾಲ್ಕು ಜನ ಅವನ ಮುಂದಿನ ಕೋಣೆಯಲ್ಲಿ ಹಾಜರ್. ಬ್ಯಾಟರಿ ಇಳಿದಿದ್ದರಿಂದ ಟೇಪು ಅರ್ಧ ಸ್ವರ ಏರಿದೆಯೋ ಇಲ್ಲವೋ, ಮೂರನೇ ಭಾಗದಲ್ಲಿ ಕೊಳಲು ಮೊದಲೋ ಆರ್ಗನ್ ಮೊದಲೋ ಅಂತ ಜುಟ್ಟು ಹಿಡಿದುಕೊಳ್ಳುವುದೊಂದು ಬಾಕಿ. ಅವಳು ಚಹಾ ಇಟ್ಟು ಹಿಂದಿನ ಕೋಣೆಗೆ ಹೋಗಿ ಹೊಲಿಗೆಯಂತ್ರ ತುಳಿಯುತ್ತಿದ್ದಳು. ಆ ಬ್ಯಾಂಡಿನ ಒಂದು ಸೊಲ್ಲು ಕಿವಿಗೆ ಬಿದ್ದರೂ ಇನ್ನೂ ಜೋರಾಗಿ ತುಳಿಯುತ್ತಿದ್ದಳು.

ಹನ್ನೊಂದನೇ ಟೇಪು ಎಲ್ಲಕ್ಕಿಂತ ಪ್ರಸಿದ್ಧ. ಅದರ ತಾರೀಖು ಮಾತ್ರ ಕೋಟಣ್ಣ ಎಂದೂ ಹೇಳಿದವನಲ್ಲ. ಇಪ್ಪತ್ತಮೂರು ನಿಮಿಷದ ಹಾಡಿನ ಏಳನೇ ನಿಮಿಷದಲ್ಲಿ ಆರ್ಗನ್ ಒಂದೇ ಮೆಲ್ಲಗೆ ನುಡಿಯುವಾಗ ಒಬ್ಬ ಹೆಂಗಸು ಗಂಡನನ್ನು ಕರೆಯುವುದು ಕೇಳುತ್ತದೆ. "ರೀ, ಹೋಗೋಣ ಬನ್ನಿ. ನಂಗೆ ಆಗ್ತಿಲ್ಲ." ಗಂಡಸಿನ ಪಿಸುಮಾತು: "ಶ್! ಇದೊಂದು ಹಾಡು." ಇಪ್ಪತ್ತಮೂರು ನಿಮಿಷದ ಹಾಡಿಗೆ 'ಇದೊಂದು ಹಾಡು' ಅಂದನಲ್ಲ ಅಂತ ಅಭಿಮಾನಿಗಳು ಬಿದ್ದು ಬಿದ್ದು ನಗುತ್ತಿದ್ದರು. ಅವರಲ್ಲಿ ಅದು ಗಾದೆಯೇ ಆಗಿತ್ತು. ಆಕೆಗೆ ಏಳನೇ ನಿಮಿಷದ ಹೆಂಗಸು ಅಂತ ಹೆಸರು. ಯಾರು ಅಂತ ಕೇಳಿದವರಿಗೆ ಕೋಟಣ್ಣ ಹೇಳುತ್ತಿದ್ದದ್ದು ಒಂದೇ: "ಯಾರೋ ಮುಂದಿನ ಸೀಟಿನವರು."

ಹೀಗೇ ಮೂವತ್ತಾರು ವರ್ಷ ಕಳೆಯಿತು.

ಒಂದು ಭಾನುವಾರ ಬೇರೆ ಊರಿಂದ ಭೂಗೋಳದ ಟೀಚರೊಬ್ಬರು ಬಂದರು. ನಲವತ್ತರ ಆಚೆಯ ಹೆಂಗಸು, ಆ ಟೇಪುಗಳನ್ನು ಕೇಳಿಯೇ ಬೆಳೆದವರು. ಟೈಲರಮ್ಮ ಅವತ್ತು ಗಂಡನ ಜೊತೆ ಕಣ್ಣಿನ ತಪಾಸಣೆಯ ಶಿಬಿರಕ್ಕೆ ಹೊರಟಿದ್ದಳು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಬಾಗಿಲಲ್ಲಿ ಗಾಡಿ ಬಂದು ನಿಂತದ್ದು ನೋಡಿ ಅವಳು ಮುಂದಿನ ಕೋಣೆಗೆ ಇಣುಕಿದಳು.

"ರೀ, ಹೋಗೋಣ ಬನ್ನಿ."

ಟೀಚರ್ ಕುರ್ಚಿಯಿಂದ ಎದ್ದೇಬಿಟ್ಟರು. "ಅಮ್ಮಾ, ಇನ್ನೊಂದು ಸಲ ಹೇಳಿ!"

"ಏನು?"

"ಈಗ ಹೇಳಿದ್ರಲ್ಲ, ಅದೇ. ಡಾಕ್ಟ್ರೇ, ಕೇಳಿಸ್ಲಿಲ್ವಾ ನಿಮಗೆ? ಅದೇ ದನಿ! ಆ 'ರೀ' ಎಳೆಯೋದು ನೋಡಿ. ಏಳನೇ ನಿಮಿಷದ ಹೆಂಗಸು ಈ ಮನೆಯಲ್ಲೇ ಇದ್ದಾರೆ, ಮೂವತ್ತು ವರ್ಷದಿಂದ ಅವರ ಕೈಯ ಚಹಾ ಕುಡಿದು ಹೋಗಿದ್ದೀರಿ!"

ಡಾಕ್ಟರು ನಗುತ್ತಾ ಕೋಟಣ್ಣನ ಕಡೆ ತಿರುಗಿದರು. ಅವನು ನಗಲಿಲ್ಲ. "ಗಾಡಿ ಕಾಯ್ತಿದೆ, ನಡಿ ನಡಿ," ಅಂತ ಚಪ್ಪಲಿಗೆ ಕಾಲು ತಡಕಾಡಿದ.

"ಯಾವ ಹೆಂಗಸು?" ಅಂತ ಟೈಲರಮ್ಮ ಟೀಚರನ್ನೇ ಕೇಳಿದಳು. ಪಾಪ, ಟೀಚರ್ ಖುಷಿಯಿಂದ ಎಲ್ಲಾ ಹೇಳಿದರು: ಕಾಲೇಜಿನ ಸಭಾಂಗಣ, ಕೊನೆಯ ಹಾಡು, ಬೇಜಾರಾಗಿ ಎದ್ದುಹೋಗೋಣ ಅನ್ನುವ ಹೆಂಗಸು, 'ಇದೊಂದು ಹಾಡು' ಅನ್ನುವ ಗಂಡ.

ಟೈಲರಮ್ಮ ಒಳಗೆ ಬಂದು ಕೂತಳು. "ಹಾಕಿ," ಅಂದಳು.

"ಬೇಡ ಕಣೇ," ಅಂದ ಗಂಡ.

"ಹಾಕಿ ಟೀಚರ್."

ಟೀಚರ್ ಫೋನಿನಲ್ಲೇ ಹಾಕಿದರು. ಆರು ನಿಮಿಷ ಬರೀ ಹಾಡು. ಆಮೇಲೆ ಇಪ್ಪತ್ನಾಲ್ಕು ವರ್ಷದ ಹುಡುಗಿಯ ದನಿ ಬಂತು. ಅವಳ ದನಿಯೇ. ನಡುಗುತ್ತಿದ್ದರೂ ಸ್ಪಷ್ಟವಾಗಿತ್ತು.

"ಇನ್ನೆರಡು ಕಡೆ ಇದೆ," ಅಂದರು ಡಾಕ್ಟರು, ಅಭ್ಯಾಸಬಲದಿಂದ. "ಹದಿಮೂರನೇ ನಿಮಿಷದಲ್ಲಿ 'ರೀ, ಹೊತ್ತಾಯ್ತು' ಅಂತ. ಡ್ರಮ್ಮಿನಲ್ಲಿ ಸರಿಯಾಗಿ ಕೇಳಲ್ಲ. ಹತ್ತೊಂಬತ್ತರಲ್ಲಿ ಬರೀ 'ರೀ'."

ಹದಿಮೂರನೇ ನಿಮಿಷ ಬಂತು. ಅವಳು ಕೈ ಎತ್ತಿ ನಿಲ್ಲಿಸಲು ಹೇಳಿದಳು.

"ಹೊತ್ತಾಯ್ತು ಅಲ್ಲ ಡಾಕ್ಟ್ರೇ. ಹೊಟ್ಟೆ ಅಂದಿದ್ದು ನಾನು. 'ರೀ, ಹೊಟ್ಟೆ.' ಐದು ತಿಂಗಳಾಗಿತ್ತು ನಂಗೆ. ಈ ಹಾಡು ಮುಗಿಯೋ ಹೊತ್ತಿಗೆ ಮಗು ಹೋಗಿತ್ತು."

ಡಾಕ್ಟರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಅವರು ಈ ಮನೆಗೆ ಮೂವತ್ತು ವರ್ಷದಿಂದ ಬರುತ್ತಿದ್ದವರು, ಆ ಎರಡು ಶಬ್ದಗಳ ಬಗ್ಗೆ ಪುಟಗಟ್ಟಲೆ ವಾದ ಮಾಡಿದವರು. ಟೀಚರ್ ಅಳುವುದಕ್ಕೇ ಶುರುಮಾಡಿದರು. ಅವಳು ಅವರ ಕೈಯಿಂದ ಫೋನು ತಗೊಂಡು ಉಳಿದದ್ದನ್ನು ಕೊನೆಯವರೆಗೂ ಕೇಳಿದಳು. ಹತ್ತೊಂಬತ್ತರಲ್ಲಿ ಆ 'ರೀ' ಬಂತು, ಬರೀ ಉಸಿರು. ಹಾಡು ಮುಗಿದು ಚಪ್ಪಾಳೆ ಎದ್ದಾಗ ಮೈಕಿನ ಹತ್ತಿರವೇ "ಆಹಾ!" ಅಂತ ಒಂದು ದನಿ, ಜೋರು ಚಪ್ಪಾಳೆ. ಟೇಪು ನಿಲ್ಲಿಸುವುದಕ್ಕೆ ಮುಂಚೆ ಅವಳ ಗಂಡ ಎದ್ದು ನಿಂತು ಚಪ್ಪಾಳೆ ತಟ್ಟಿದ್ದ.

ಎಲ್ಲರೂ ಹೋದ ಮೇಲೆ ಅವಳು ಕೇಳಿದಳು: "ನಾನು ಮೂರು ಸಲ ಹೇಳಿದ್ದೀನಿ. ಆಸ್ಪತ್ರೇಲಿ ಅತ್ತೆ ಹತ್ತಿರ ಯಾಕೆ ಹಾಗೆ ಹೇಳಿದ್ರಿ?"

"ಹೆದರಿಕೆಯಾಯ್ತು."

"ಆಮೇಲೆ? ಮೂವತ್ತಾರು ವರ್ಷ?"

ಅವನು ಟೇಪಿನ ಡಬ್ಬಿಗಳನ್ನು ಸಾಲಾಗಿ ಜೋಡಿಸತೊಡಗಿದ.

"ಟೇಪಿನಿಂದಾದ್ರೂ ಕತ್ತರಿಸಿ ತೆಗೀಬಹುದಿತ್ತಲ್ಲ? ಊರೆಲ್ಲಾ ನಗೋದಕ್ಕೆ ಮುಂಚೆ?"

ಈ ಸಲ ಅವನು ನಿಜ ಹೇಳಿದ. "ಅಲ್ಲಿ ಆರ್ಗನ್ ಒಂದೇ ಇರೋದು ಕಣೇ. ಕತ್ತರಿಸಿದ್ರೆ ಅದೂ ಹೋಗ್ತಿತ್ತು."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದ್ದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೊದಲು ಅನಿಸಿದ್ದು ಒಂದೇ: ಹೇಳಿದ್ದೆ. ನಾನು ಹೇಳಿದ್ದೆ. ಅದನ್ನೇ ಎಷ್ಟೋ ಸಲ ಮೆಲ್ಲಗೆ ಬಾಯಿಬಿಟ್ಟು ಹೇಳಿಕೊಂಡಳು. ಆಮೇಲೆ ಅಷ್ಟೂ ವರ್ಷಗಳು ಒಮ್ಮೆಲೇ ಎದೆಯ ಮೇಲೆ ಬಂದು ಕೂತವು.

ಮನೆ ಬಿಟ್ಟು ಹೋಗಲಿಲ್ಲ. ಅರವತ್ತಕ್ಕೆ ಎಲ್ಲಿಗೆ ಹೋಗುವುದು? ಅಕ್ಕ ಸತ್ತು ನಾಲ್ಕು ವರ್ಷವಾಗಿತ್ತು. ಅನ್ನ ಬಡಿಸಿದಳು, ಬಟ್ಟೆ ಒಗೆದಳು, ಹಾಸಿಗೆ ಹಿಂದಿನ ಕೋಣೆಗೆ ಹಾಕಿಕೊಂಡಳು. ಬೇಕಾದಷ್ಟೇ ಮಾತು. ಡಾಕ್ಟರು ಒಂದು ಸಲ ಒಬ್ಬರೇ ಬಂದು, ಈಗಿನ ಕಂಪ್ಯೂಟರಿನಲ್ಲಿ ದನಿಯನ್ನು ಮಾತ್ರ ಅಳಿಸಬಹುದು ಅಕ್ಕಾ, ಆರ್ಗನ್ ಹಾಗೇ ಉಳಿಯುತ್ತೆ, ಅಂದರು. "ಬೇಡ," ಅಂದಳು ಅವಳು. "ನಾನು ಹೇಳಿದ್ದಕ್ಕೆ ಅದೊಂದೇ ಸಾಕ್ಷಿ. ಇರಲಿ." ಡಾಕ್ಟರು ಮತ್ತೆ ಬರಲಿಲ್ಲ. ಭಾನುವಾರಗಳು ನಿಂತವು.

ಮಾತು ನಿಂತ ಮನೆಯಲ್ಲಿ ಕೋಟಣ್ಣ ಒಂದೂವರೆ ವರ್ಷ ಬದುಕಿದ. ಒಂದು ಬೆಳಿಗ್ಗೆ ಮುಖ ತೊಳೆಯುತ್ತಿದ್ದವನು ಬಚ್ಚಲಲ್ಲೇ ಕುಸಿದ. ಅವಳು ಓಡಿಬಂದು ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಅವನು ಏನೋ ಹೇಳಲು ಬಾಯಿ ತೆರೆದ, ದನಿ ಹೊರಡಲಿಲ್ಲ. ಪಕ್ಕದ ಮನೆಯವರು ಗಾಡಿ ತರುವ ಹೊತ್ತಿಗೆ ಮುಗಿದಿತ್ತು. ಸಂಸ್ಕಾರಕ್ಕೆ ಅಭಿಮಾನಿಗಳು ಮೂವತ್ತಕ್ಕೂ ಹೆಚ್ಚು ಜನ ಬಂದಿದ್ದರು. ದೂರದಲ್ಲೇ ನಿಂತಿದ್ದರು. ಹತ್ತಿರ ಬಂದು ಕೂತದ್ದು ಟೀಚರ್ ಒಬ್ಬರೇ.

ಹನ್ನೊಂದು ಟೇಪನ್ನೂ ಅವಳು ಅವರಿಗೇ ಕೊಟ್ಟಳು. ತಿಂಗಳ ಮೇಲೆ ಟೀಚರ್ ಮತ್ತೆ ಬಂದು, ಅಭಿಮಾನಿಗಳೆಲ್ಲ ಚರ್ಚೆ ಮಾಡುವ ಪುಟದಲ್ಲಿ ತಾವು ಹಾಕಿದ್ದನ್ನು ಓದಿ ಹೇಳಿದರು: ಆ ದನಿ ಕೋಟಣ್ಣನವರ ಹೆಂಡತಿಯದು, ಆಕೆ ಆಗ ಬಸುರಿ, ಹದಿಮೂರನೇ ನಿಮಿಷದ ಮಾತು 'ಹೊಟ್ಟೆ', ಇನ್ನು ಮೇಲೆ ಅದನ್ನು ಹಿಡಿದು ಯಾರೂ ನಗಬೇಡಿ.

"ಏನಂದ್ರು?" ಅಂತ ಕೇಳಿದಳು ಟೈಲರಮ್ಮ.

"ತುಂಬಾ ಜನ ಕ್ಷಮೆ ಕೇಳಿದ್ದಾರೆ ಅಮ್ಮ."

"ಆಮೇಲೆ?"

"ಒಬ್ಬರು ಬರೆದಿದ್ದಾರೆ, ಹಾಗಾದರೆ ಆಸ್ಪತ್ರೆಯ ದಾಖಲೆ ನೋಡಿದರೆ ಕಛೇರಿಯ ತಾರೀಖು ಖಚಿತವಾಗುತ್ತೆ ಅಂತ. ಅದರ ಮೇಲೆ ಈಗ ವಾದ ನಡೀತಿದೆ."

ಟೈಲರಮ್ಮ ತಾರೀಖು ಹೇಳಿದಳು. ವಾರ, ತಿಂಗಳು, ವರ್ಷ, ಎಲ್ಲ. "ಬರ್ಕೊಳ್ಳಿ," ಅಂದಳು. ಟೀಚರಿಗೆ ಬರೆದುಕೊಳ್ಳಲು ಕೈ ಬರಲಿಲ್ಲ.