ಅಕ್ಕನ ಬ್ಯಾಗು ಸೇರಿದ ಕೋಲಾ ಕಾಯಿ

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಪ್ರವಾಸವೆಂದರೆ ವಸೂಲಿ. ಬೆಂಗಳೂರಿನಿಂದ ನೈರೋಬಿಯ ನಮ್ಮ ಮನೆಗೆ ಬಂದ ವಾರದೊಳಗೆ ವಿಮಾನದ ಚಮಚ, ಸಫಾರಿ ಲಾಡ್ಜಿನ ಸಾಬೂನು, ಸಕ್ಕರೆ ಪೊಟ್ಟಣ ಎಲ್ಲವೂ ಅಕ್ಕನ ವ್ಯಾನಿಟಿ ಬ್ಯಾಗು ಸೇರಿದ್ದವು. ಬ್ಯಾಗು ಅವಳದು, ಬುದ್ಧಿ ಅವರದು. ಸಿಕ್ಕಿಬಿದ್ದರೆ ತಲೆ ತಗ್ಗಿಸಬೇಕಾದವಳು ಅಕ್ಕ.

ಸೌತ್ ಸಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಾಕೆ ನೈಜೀರಿಯಾದ ಇಗ್ಬೊ ಜನಾಂಗದ ಹೆಂಗಸು. ತಮ್ಮವರ ಹೊಸ ಗೆಡ್ಡೆಯ ಸುಗ್ಗಿ ಹಬ್ಬಕ್ಕೆ ನಮ್ಮನ್ನೆಲ್ಲ ಕರೆದಳು. ಊರಿನಿಂದ ಬಂದಿದ್ದ ಅವಳ ವಯಸ್ಸಾದ ಅಪ್ಪನೇ ಈ ಸಲ ಹಬ್ಬ ನಡೆಸುವವರು. ಮುಂದಿನ ವರ್ಷ ಅವರಿರುತ್ತಾರೋ ಇಲ್ಲವೋ, ಎಲ್ಲ ಸರಿಯಾಗಿ ನಡೆದುಬಿಡಲಿ ಎಂದು ಗೇಟಿನ ಬಳಿ ನನ್ನ ಕೈಹಿಡಿದು ಹೇಳಿದ್ದಳು.

“ಕೀನ್ಯಾದಲ್ಲಿ ನೈಜೀರಿಯಾದವ್ರ ಹಬ್ಬಾನಾ?” ಎಂದು ಅಕ್ಕ ಕೇಳಿದಳು.

“ಆಫ್ರಿಕಾ ಎಲ್ಲಾ ಒಂದೇ ಕಣೇ. ಫೋಟೋದಲ್ಲಿ ಯಾರಿಗೆ ಗೊತ್ತಾಗುತ್ತೆ?” ಎಂದರು ಭಾವ.

ಖಂಡದ ಆ ತುದಿಯಿಂದ ಈ ತುದಿಗೆ ಎಷ್ಟು ದೂರವೆಂದು ಹೇಳಿ ಬಾಯಿ ನೋಯಿಸಿಕೊಳ್ಳುವ ಮನಸ್ಸು ನನಗಿರಲಿಲ್ಲ.

ಹಬ್ಬ ನಗರದಂಚಿನ ಕರೆನ್ ಬಡಾವಣೆಯಲ್ಲಿ, ಪರಿಚಿತರೊಬ್ಬರ ದೊಡ್ಡ ತೋಟದಲ್ಲಿ. ಭಾವ ಬಾಡಿಗೆ ಕುರ್ಚಿಗಳ ನಡುವೆ ಹುಲಿಚರ್ಮ ಹುಡುಕುತ್ತಿದ್ದರು. ಡೋಲು ಬಾರಿಸುತ್ತಿದ್ದಾತ ಬ್ಯಾಂಕಿನ ಮ್ಯಾನೇಜರ್ ಎಂದು ತಿಳಿದು ಮೂಗು ಮುರಿದರು. “ಒರಿಜಿನಲ್ ಅಲ್ಲ ಇದು.” ಬರ್ಮುಡಾ ಚಡ್ಡಿಯ ಮೇಲೆ ಪಂಚೆ ಸುತ್ತಿಕೊಂಡು ಸತ್ಯನಾರಾಯಣ ಪೂಜೆಗೆ ಕೂರುವ ಮನುಷ್ಯ ಹೇಳಿದ ಮಾತು ಇದು.

ಆಮೇಲೆ ಪಕ್ಕದ ಮನೆಯಾಕೆ ಮರದ ತಟ್ಟೆ ಹಿಡಿದು ಬಂದಳು. ಅದರಲ್ಲಿ ಅಡಿಕೆಯಂತೆ ಅಗಿಯುವ ಕೆಂಪನೆಯ ಕೋಲಾ ಕಾಯಿಗಳು, ಅಪ್ಪ ತಮ್ಮ ಹಿತ್ತಲ ಮರದಿಂದಲೇ ಜೋಪಾನವಾಗಿ ತಂದವು. ಅತಿಥಿಗಳು ತಟ್ಟೆ ಮುಟ್ಟಿ ಬಿಡಬೇಕು. ಸುತ್ತು ಮುಗಿಸಿ ಅದು ಹಿರಿಯರ ಕೈಗೇ ಮರಳಬೇಕು. ಆಗ ಪ್ರಾರ್ಥನೆ, ಆಮೇಲೆ ಕಾಯಿ ಒಡೆದು ಎಲ್ಲರಿಗೂ ಚೂರು. ಅದಾಗದೆ ಗೆಡ್ಡೆಗೆ ಕತ್ತಿ ಸೋಕಿಸುವಂತಿಲ್ಲ. ಇದನ್ನೆಲ್ಲ ಆಕೆ ಮೊದಲೇ ವಿವರಿಸಿದ್ದಳು. ಆಗ ಭಾವ ಸೆಲ್ಫಿಗೆ ಬೆಳಕು ನೋಡುತ್ತಿದ್ದರು.

ತಟ್ಟೆ ನಮ್ಮ ಸಾಲಿಗೆ ಬಂದದ್ದು ಕೊನೆಗೆ. “ತಾಂಬೂಲ ಕೊಡ್ತಿದಾರೆ, ಬ್ಯಾಗ್ ತೆಗಿಯೇ,” ಎಂದ ಭಾವ ಕಾಯಿಗಳನ್ನೆಲ್ಲ ಬಾಚಿ ಅಕ್ಕನ ಬ್ಯಾಗಿಗೆ ಸುರಿದರು. ಅತಿಥಿ ತೆಗೆದುಕೊಂಡದ್ದನ್ನು ವಾಪಸು ಕೇಳಲಾರದೆ ಪಕ್ಕದ ಮನೆಯಾಕೆ ಖಾಲಿ ತಟ್ಟೆಯನ್ನೇ ಅಪ್ಪನ ಮುಂದಿಟ್ಟಳು.

ಡೋಲು ನಿಂತಿತು. ಅಪ್ಪ ಏನೋ ಗದರಿ ಕೇಳಿದರು. ಆಕೆ ತಲೆ ತಗ್ಗಿಸಿ ನಿಂತಳು, ನಮ್ಮ ಕಡೆ ಬೆರಳು ತೋರಿಸಲಿಲ್ಲ.

“ಭಾವ, ಅದು ತಾಂಬೂಲ ಅಲ್ಲ. ವಾಪಸ್ ಕೊಡಬೇಕು,” ಎಂದೆ.

“ಸುಮ್ನಿರು. ಈಗ ಕೊಟ್ರೆ ಮರ್ಯಾದೆ ಹೋಗುತ್ತೆ. ಅವ್ರ ಹತ್ರ ಬೇರೆ ಇರುತ್ತೆ.”

ಹೋಗುವುದಕ್ಕೆ ಇವರ ಬಳಿ ಇದ್ದ ಮರ್ಯಾದೆ ಯಾವುದು? ಅಷ್ಟರಲ್ಲಿ ಅಕ್ಕ ಎದ್ದಳು. ಗಂಡ ಸೆರಗು ಹಿಡಿದರೂ ನಿಲ್ಲದೆ ಎಲ್ಲರೆದುರು ಹೋಗಿ ಬ್ಯಾಗನ್ನು ಆ ಹಿರಿಯರ ಮುಂದಿನ ಮೇಜಿನ ಮೇಲೆ ಬೋರಲು ಹಾಕಿದಳು. ಚಮಚ, ಸಾಬೂನು, ಸಕ್ಕರೆ ಪೊಟ್ಟಣಗಳ ನಡುವೆ ಕೋಲಾ ಕಾಯಿಗಳು ಉರುಳಿದವು.

“ಮೈ ಹಸ್ಬೆಂಡ್ ಟುಕ್,” ಎಂದಳು. “ಸಾರಿ.”

ಹಿರಿಯರು ಕಾಯಿಗಳನ್ನಷ್ಟೇ ಆರಿಸಿ, ಒರೆಸಿ, ಮಗಳ ಭುಜದ ಮೇಲೆ ಕೈಯಿಟ್ಟು ಪ್ರಾರ್ಥನೆ ಶುರುಮಾಡಿದರು. ಅಕ್ಕ ಉಳಿದದ್ದನ್ನು ಮುಟ್ಟದೆ ಖಾಲಿ ಬ್ಯಾಗಿನೊಂದಿಗೆ ಬಂದು ಕುಳಿತಳು.

ಪ್ರಾರ್ಥನೆ ಮುಗಿದು ನಮಗೂ ಒಂದೊಂದು ಚೂರು ಬಂತು. ಭಾವ ಕಚ್ಚಿ, ಕಹಿಗೆ ಮುಖ ಕಿವುಚಿ, ಟಿಶ್ಯೂಗೆ ಉಗಿದರು. ಅದನ್ನು ಮುದುರಿ ಅಭ್ಯಾಸಬಲದಿಂದ ಅಕ್ಕನ ಬ್ಯಾಗಿನತ್ತ ಕೈ ಚಾಚಿದರು.

ಅಕ್ಕ ಬ್ಯಾಗಿನ ಜಿಪ್ಪು ಎಳೆದಳು.

“ನಿಮ್ಮ ಜೇಬಲ್ಲಿ ಇಟ್ಕೊಳ್ಳಿ,” ಎಂದಳು.